ಎಕೋ ಪೆಟ್ಟಿಗೆಗೆ ಬಿದ್ದ ಭಂಡಾರ

ಮಕ್ತಲ್
9 ಅಕ್ಟೋಬರ್ 2014

ನನ್ನ ಮುದ್ದಿನ ಐಶ್ವರ್ಯಕ್ಕಾ,

ಗದ್ವಾಲದಲ್ಲಿ ನೀನು, ಭಾವ, ಪುಟ್ಟಿ ನಗುನಗುತ್ತಾ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಮದುವೆಯಾದ ಮೇಲೆ ಒಂದು ಸಾಲೂ ಬರೆಯಲಿಲ್ಲ, ಬೈಯಬೇಡ. ಫೋನ್ ಹಿಡಿದರೆ ಅತ್ತೆ ಪಕ್ಕದಲ್ಲೇ ಕೂತು "ಅಕ್ಕ ಏನಂತಾಳ?" ಎನ್ನುತ್ತಾರೆ!

ಅಕ್ಕಾ, ನನ್ನ ಮಲ್ಲೇಶ ಎಷ್ಟು ಒಳ್ಳೆಯವರು ಗೊತ್ತಾ! ಇವರ ಸ್ಟುಡಿಯೋ ಎಂದರೆ ಒಂದು ಕೋಣೆ, ಕಂಪ್ಯೂಟರು, ಜೊತೆಗೆ ಮಾವನವರ ಮೈಕ್‌ಸೆಟ್ ಕಾಲದ ಹಳೆಯ ಕೀಬೋರ್ಡು ಮತ್ತು ಎಕೋ ಪೆಟ್ಟಿಗೆ. ದನಿ ಕಂಪ್ಯೂಟರಿನಿಂದ ಹೊರಟು, ಪೆಟ್ಟಿಗೆಯ ಟೇಪಿನ ಮೇಲೆ ಸುತ್ತಿ, ಪ್ರತಿಧ್ವನಿಯಾಗಿ ಮರಳುತ್ತದೆ. "ಕಂಪ್ಯೂಟರಿನಲ್ಲೇ ಎಕೋ ಇದೆಯಲ್ಲಾ?" ಎಂದು ನಕ್ಕಿದ್ದೆ. "ಅದು ಪಾಠ ಒಪ್ಪಿಸ್ತೈತಿ. ಇದು ಕರದ್ರ ಓ ಅಂತೈತಿ" ಎಂದರು.

ಹೊಸ ರಾಜ್ಯದ ಮೊದಲ ದಸರಾ, ಊರೆಲ್ಲ ಸಡಗರ. ಇವರು ಮೈಲಾರಲಿಂಗನ ಒಕ್ಕಲು. ಸ್ಟುಡಿಯೋದ ಆಯುಧ ಪೂಜೆಗೆ ಭಂಡಾರ, ಅಂದರೆ ದೇವರ ಅರಿಶಿನ, ತೂರಲೇಬೇಕು. "ಹೊಸ ಸೊಸಿ ಕೈಲೆ ಆಗ್ಲಿ" ಎಂದು ಅತ್ತೆ ಕಾಯಿ ಒಡೆಯಲು ಹೊರಗೆ ಹೋದರು. ನಮ್ಮ ತವರಿನಲ್ಲಿ ಚಿಟಿಕೆ ಕುಂಕುಮ ಸಾಕಿತ್ತಲ್ಲ! ಖುಷಿಯ ಹುಚ್ಚಿನಲ್ಲಿ ಅರಿಶಿನಪುಡಿಯನ್ನು ಹಿಡಿಹಿಡಿಯಾಗಿ ತೂರಿದೆ. ಬಿಸಿಯಾಗುತ್ತದೆಂದು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು; ಪುಡಿ ಟೇಪಿನ ಮೇಲೆಲ್ಲ ಬಿತ್ತು. ಕಂಡವರು ಇವರೊಬ್ಬರೇ. ಒರೆಸಿದರು, ಊದಿದರು, ನಕ್ಕುಬಿಟ್ಟರು.

ಮೊನ್ನೆ ಮಾಗನೂರಿನ ಆಶಮ್ಮ ಬಂದರು. ಮಾವನ ಮೈಕಿನಲ್ಲಿ ವರ್ಷಗಟ್ಟಲೆ ಬೀರಪ್ಪನ ಪದ ಹಾಡಿದವರು. ಎಕೋ ತಿರುಗಿ ಬಂದ ಮೇಲೆಯೇ ಮುಂದಿನ ಸಾಲು ಎತ್ತುವವರು. ಈ ಸಲ ತಿರುಗಿ ಬಂದದ್ದು ಬರೀ ಗರಗರ. ಇವರು ಕಂಪ್ಯೂಟರಿನ ಎಕೋ ಹಾಕಿಕೊಟ್ಟರು. "ಇದು ನನ್ನ ದನಿ ಅಲ್ಲ ತಮ್ಮಾ. ಕಾಯ್ಕೊಂತ ನಿಂತೀನಿ, ಬರವಲ್ದು" ಎಂದು ಹೆಡ್‌ಫೋನ್ ತೆಗೆದಿಟ್ಟು ಬಸ್ಸಿಗೆ ಹೊರಟೇಬಿಟ್ಟರು.

ಮಾವ ಪೆಟ್ಟಿಗೆಯೊಳಗೆ ಬೆರಳಾಡಿಸಿ ಹಳದಿ ನೋಡಿದರು. "ಯಾರಲೇ ಇದು?"

"ನಾನ ಅಪ್ಪಾ. ಪೂಜಿ ಮಾಡುಮುಂದ ಕೈ ಜಾರ್ತು" ಎಂದರು ಇವರು.

"ನಿಮ್ಮಜ್ಜ ಹಿಂಡು ಕುರಿ ಕಾಯ್ದ. ನಿನಗ ಒಂದು ಪೆಟಗಿ ಕಾಯಾಕ ಆಗ್ಲಿಲ್ಲೇನಲೇ?"

ಅಂದಿನಿಂದ ಅಪ್ಪ ಮಗನೊಡನೆ ಮಾತಾಡಿಲ್ಲ. ಪಕ್ಕಪಕ್ಕ ಊಟಕ್ಕೆ ಕೂತರೂ ನೀರಿನ ತಂಬಿಗೆಗೆ ನನ್ನನ್ನು ಕರೆಯುತ್ತಾರೆ, "ಬಾ ಮಗಳ" ಎಂದು, ಮೊದಲಿಗಿಂತ ಅಕ್ಕರೆಯಿಂದ. ಆ ಟೇಪು ಹೈದರಾಬಾದಿನಲ್ಲೂ ಸಿಗುತ್ತಿಲ್ಲ.

ಪುಟ್ಟಿಗೆ ಮುತ್ತು. ನಿಮ್ಮ ಮನೆ ತುಂಬಿರಲಿ. ನನಗೆ ಬುದ್ಧಿ ಬರಲೆಂದು ಹರಸು.

ನಿನ್ನ,
ಕಾವ್ಯ

ವಿ.ಸೂ.: ಒಂದು ಮಾತು ಬಿಟ್ಟಿದ್ದೇನೆ. ಮಾವ ಬೈಯುವಾಗ ನಾನು ಸುಮ್ಮನಿರಲಿಲ್ಲ ಅಕ್ಕಾ. ಎಲ್ಲರೆದುರು ಇವರಿಗೇ, "ಅಷ್ಟೂ ಗೊತ್ತಾಗಬಾರದೇನ್ರೀ ನಿಮಗೆ?" ಎಂದೆ. ಇವರು ನನ್ನ ಮುಖ ನೋಡಿ, "ಗೊತ್ತಾಗ್ಲಿಲ್ಲ" ಎಂದರು. ಅಷ್ಟೇ. ಆಮೇಲೆ ಆ ಮಾತು ಎತ್ತಿಯೇ ಇಲ್ಲ. ಎತ್ತಿ ಬೈದಿದ್ದರೆ ಮಾವನ ಮುಂದೆ ಒಪ್ಪಿಕೊಳ್ಳುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದೂ ಸುಳ್ಳು.