ಅಕ್ಕ ಸುತ್ತಿಟ್ಟ ವೈರುಗಳು

ಮಾರ್ಚ್ ೧೧, ಮಂಗಳವಾರ

ಗಂಟುಬಿದ್ದ ವೈರು ನೋಡಿ ಹೆದರಿಕೆಯಾಗುತ್ತದೆ ಅಂದುಕೊಂಡಿರಲಿಲ್ಲ. ಡ್ರಾಯರಿನಲ್ಲಿ ಚಾರ್ಜರು, ಇಯರ್‌ಫೋನು ಎಲ್ಲ ಒಂದೇ ಮುದ್ದೆ. ಅಕ್ಕ ನಾಟಕಗಳಿಗೆ ಮೈಕ್ ಹಾಕಿಯೇ ತಲೆ ನರೆತವಳು. ವೈರು ಸುತ್ತುವಾಗ ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ; ಹಾಗಾದರೆ ಗಂಟು ಬೀಳುವುದಿಲ್ಲ. ಮನೆಯ ಸಣ್ಣ ವೈರಿಗೂ ಅದೇ ಕಾನೂನು. ನಾನು ಸುತ್ತಿದ್ದನ್ನು ದೂರದಿಂದಲೇ ಗುರುತಿಸಿ ಬೈದು, ಬಿಚ್ಚಿಸುತ್ತಾಳೆ.

"ಯಾರು ಹೀಗೆ ಮಾಡಿದ್ದು?" ಎಂದೆ.

"ನಾನೇ. ಒಂದು ಸುತ್ತು ಹಾಕ್ದೆ. ಆಮೇಲೆ ಹೇಗೆ ಅಂತ ಕೈಗೆ ತಿಳೀಲಿಲ್ಲ," ಎಂದು ನಕ್ಕಳು.

ಅಮ್ಮನಿಗೂ ಮರೆವಿನ ಕಾಯಿಲೆ ಹೀಗೇ ಶುರುವಾಗಿತ್ತು, ಜಡೆ ಹೆಣೆಯುವುದು ಮರೆತು.

ಅಕ್ಕ ಮಲಗಿದ ಮೇಲೆ ಎಲ್ಲ ಬಿಡಿಸಿ, ಅವಳ ಹಾಗೆಯೇ ಸುತ್ತಿಟ್ಟೆ. ಬೆಳಿಗ್ಗೆ ನೋಡಿ, "ಇದು ನಿನ್ನ ಕೈಕೆಲಸ" ಅಂತ ಬೈದರೆ ಬದುಕಿದೆ. "ನಾನೇ ಸುತ್ತಿದ್ದು" ಅಂತ ಅವಳು ಅಂದುಬಿಟ್ಟರೆ…