ನೀಲಿ ಎಳೆ

ಅಣ್ಣನಿಗೆ,

ಅಮ್ಮ ನಿನ್ನ ಮನೆಯಲ್ಲಿ ನಿದ್ದೆಯಲ್ಲೇ ಹೋದಳೆಂದು ನೀನು ಹೇಳಿದ್ದೆ. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಅವಳ ಶ್ವಾಸಕೋಶದ ತುಂಡು ನಮ್ಮ ಲ್ಯಾಬಿಗೇ ಬಂತು. ಎಂದಿನಂತೆ ನಾನೇ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸ್ಲೈಡುಗಳನ್ನು ಮಾಡಿದೆ. ಒಂದರಲ್ಲಿ, ಉಸಿರಿನ ಸಣ್ಣ ಕೊಳವೆಯೊಳಗೆ ನೀಲಿ ಎಳೆ ಸಿಕ್ಕಿಕೊಂಡಿತ್ತು. ಅವಳ ದಿಂಬಿಗೆ ನೀಲಿ ಕವರು ಹೊಲಿದುಕೊಟ್ಟವಳು ನಾನೇ.

ಗಾಬರಿ ಬೀಳಬೇಡ. ಡಾಕ್ಟರಿಗೆ ಉಳಿದ ಸ್ಲೈಡುಗಳನ್ನಷ್ಟೇ ಕೊಟ್ಟೆ. ಸಹಜ ಸಾವು ಎಂದು ಬರೆದರು. ಎಳೆಯಿರುವುದು ನನ್ನ ಬೀರುವಿನಲ್ಲಿದೆ.

"ಹಾಸಿಗೆ ಹಿಡಿದಿರೋ ಅಪ್ಪನ್ನಾದ್ರೂ ನೀನು ಕರ್ಕೊಂಡ್ಹೋಗು, ನನ್ ಕೈಲಾಗಲ್ಲ" ಎಂದು ಫೋನಿನಲ್ಲಿ ಗೋಗರೆದೆಯಲ್ಲ? ಆಗುವುದಿಲ್ಲ. ಅಪ್ಪ ನಿನ್ನ ಹತ್ತಿರವೇ ಇರಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಬೆನ್ನು ಒರೆಸು, ಕೆಮ್ಮಿದರೆ ಎಬ್ಬಿಸಿ ಕೂರಿಸು. ಅವರು ಯಾವ ಕಾಯಿಲೆಯಿಂದ ಹೋದರೂ ಸರಿ, ಮಾರನೇ ದಿನ ಆ ಸ್ಲೈಡು ಪೊಲೀಸರ ಕೈಯಲ್ಲಿರುತ್ತದೆ.

ಅಪ್ಪ ಹೇಗೆ ಉಸಿರಾಡುತ್ತಿದ್ದಾರೆಂದು ವಾರಕ್ಕೊಮ್ಮೆ ಬರಿ.

ನಿನ್ನ ತಂಗಿ