ಏಳನೇ ದೋಣಿಯ ಗೀಟುಗಳು

ಅಪ್ಪರ್ ಹಟ್, ನ್ಯೂಜಿಲೆಂಡ್
19 ಅಕ್ಟೋಬರ್ 2024, ಶನಿವಾರ

ಪ್ರೀತಿಯ ವಾಸಂತಿ,

ಮಂಡಿನೋವು ಹೇಗಿದೆ? ಮೈಸೂರಿನ ಆ ಮನೆಯ ಮೆಟ್ಟಿಲು ಹತ್ತಿ ಇಳಿದು ಜಾಸ್ತಿ ಮಾಡಿಕೊಳ್ಳಬೇಡ. ರಚನಾಳ ಬಾಣಂತನಕ್ಕೆ ಹೋದವಳಿಗೇ ಇನ್ನೊಬ್ಬರು ಬಿಸಿನೀರು ಕಾಯಿಸೋ ಹಾಗಾಗಬಾರದು. ಮಗುವಿನ ಮೂಗು ನನ್ನದೇ ಅಂತ ಬೀಗರು ಒಪ್ಪಿಕೊಂಡರಾ? ಇಲ್ಲಿ ನಾನು ಆರಾಮ. ನೀನು ಫ್ರೀಜರಿನಲ್ಲಿಟ್ಟ ಹದಿನಾಲ್ಕು ಡಬ್ಬಿ ಹುಳಿಯಲ್ಲಿ ಒಂಬತ್ತು ಉಳಿದಿವೆ. ದಿನಾ ಫೋನ್ ಮಾಡೋ ಮನುಷ್ಯನಿಗೆ ಕಾಗದ ಬರೆಯೋ ಹುಚ್ಚು ಯಾಕೆ ಬಂತು ಅಂತೀಯ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತೆ, ಮನೆಯೆಲ್ಲ ಕೇಳುತ್ತೆ. ಜೊತೆಗೆ ನನ್ನ ಬಾಯಿ ನನಗೆ ಗೊತ್ತು, ಹೇಳಬೇಕಾದ್ದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತೆ. ಪಕ್ಕದ ಮನೆ ಶ್ರೀಕರ್ ನಾಳೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡ್ತೀನಿ.

ಎಲ್ಡನ್ ತಾತನ ಹಲಗೆಯ ವಿಷಯ. ಮಂಗಳವಾರ ನೀನು ಕೇಳಿದಾಗ ‘ರಿಪೇರಿ ಆಯ್ತು, ಕೊಟ್ಟೂ ಬಂದೆ’ ಅಂದೆನಲ್ಲ, ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನೀನು ಊರಿಗೆ ಹೊರಡೋ ಹಿಂದಿನ ದಿನ ಅದನ್ನ ನಿಮ್ಮ ವೃದ್ಧಾಶ್ರಮದಿಂದ ತಂದು, ನನ್ನ ರಿಪೇರಿ ಮೇಜಿನ ಮೇಲಿಟ್ಟು, ‘ನೇತುಹಾಕೋ ಕೊಕ್ಕೆ ಮುರಿದಿದೆ, ಅಷ್ಟು ಮಾಡಿಕೊಡಿ’ ಅಂದೆ. ಆಮೇಲೂ ಏನೋ ಹೇಳ್ತಿದ್ದೆ. ನಾನು ಯಾರದ್ದೋ ಹುಲ್ಲು ಕತ್ತರಿಸೋ ಮೆಷಿನ್ನಿನ ಕತೆ ಹೇಳೋದರಲ್ಲಿ ಮುಳುಗಿದ್ದೆ. ನೀನು ಹೋದಮೇಲೆ ಅಂಗಡಿ ಪುಸ್ತಕದಲ್ಲಿ ಹೀಗೆ ಬರೆದಿದ್ದೀನಿ: ‘ಮರದ ಹಲಗೆ ಒಂದು. ಕೊಕ್ಕೆ ಮುರಿದಿದೆ. ಮೇಲೆ ಮೇಣದ ಪೆನ್ಸಿಲ್ ಗೀಟು, ಕೊಳೆ.’ ಬರೀ ಒಂದು ಸ್ಪ್ಯಾನರ್ ಸೆಟ್ಟಿನಿಂದ ಅಂಗಡಿ ಕಟ್ಟಿದವನು ನಾನು, ಇಪ್ಪತ್ತೆರಡು ವರ್ಷದಿಂದ ಒಂದು ಸ್ಕ್ರೂ ಬಂದರೂ ಎಣಿಸಿ ಬರೆದುಕೊಂಡವನು. ಆ ಗೀಟು ಮಾತ್ರ ಎಣಿಸಲಿಲ್ಲ.

ಆಯುಧಪೂಜೆ ದಿನ ಎಂದಿನ ಹಾಗೆ ಅಂಗಡಿಯಲ್ಲಿದ್ದದ್ದನ್ನೆಲ್ಲ ತೊಳೆದು ಸಾಲಾಗಿಟ್ಟೆ. ಹಲಗೆ ಒಂದೇ ಮಂಕಾಗಿ ಕಾಣ್ತಿತ್ತು. ಟರ್ಪೆಂಟೈನ್ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ, ಮೂಲೆಗೆ ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿದೆ. ಸಂಜೆ ಫೋನಿನಲ್ಲಿ ನಿನಗೆ ಪೂಜೆಯ ವರದಿ ಒಪ್ಪಿಸ್ತಿದ್ದಾಗ ನೀನು ನಡುವೆ ಬಾಯಿಹಾಕಿ, ‘ರೀ, ತಾತನ ಗೀಟು ಜೋಪಾನ, ಅವು ಅವರ ಹುಡುಗರು’ ಅಂದೆ. ಆ ಬಟ್ಟೆ ಇನ್ನೂ ನನ್ನ ಹೆಗಲ ಮೇಲೇ ಇತ್ತು.

ಅವತ್ತು ಏನೂ ಆಗದವನ ಹಾಗೆ ಆ ಕತೆಯನ್ನ ಇನ್ನೊಂದು ಸಲ ಹೇಳಿಸಿದೆ, ನೆನಪಿದೆಯಾ? ನಾನು ಬಾಯಿ ಮುಚ್ಚಿ ಕೇಳಿದ್ದು ಅದೇ ಮೊದಲು. 1943ರಲ್ಲಿ ತಾತ ಇಪ್ಪತ್ತರ ಅಮೆರಿಕನ್ ನಾವಿಕ. ಅವರದ್ದು ಅಟ್ಯಾಕ್ ಟ್ರಾನ್ಸ್‌ಪೋರ್ಟ್, ಸೈನಿಕರನ್ನ ಹೊತ್ತುಕೊಂಡು ಹೋಗಿ, ಶತ್ರುಗಳ ದಡದಿಂದ ದೂರದಲ್ಲೇ ನಿಂತು, ದೋಣಿಗಳಿಗೆ ಇಳಿಸೋ ಹಡಗು. ಇಲ್ಲಿಯ ವೆಲ್ಲಿಂಗ್ಟನ್ನಿನಿಂದಲೇ ತುಂಬಿಕೊಂಡು ಹೊರಟಿತ್ತು. ಏಳನೇ ದೋಣಿಯ ಲೆಕ್ಕ ತಾತನದ್ದು. ಹಗ್ಗದ ಬಲೆ ಹಿಡಿದು ಒಬ್ಬೊಬ್ಬ ಇಳಿದಾಗಲೂ ಹಲಗೆಯ ಎಡಗಡೆ ಒಂದು ಗೀಟು: ಮೂವತ್ತಾರು. ಮೂರು ದಿನ ಬಿಟ್ಟು ಉಳಿದವರು ಅದೇ ಬಲೆ ಹತ್ತಿ ಬಂದಾಗ ಬಲಗಡೆ. ಹೊಗೆ, ಎಣ್ಣೆ ಮೆತ್ತಿ ಯಾರ ಮುಖವೂ ಗುರುತು ಸಿಗ್ತಿರಲಿಲ್ಲವಂತೆ. ಎಣಿಸೋದಷ್ಟೇ ಆದದ್ದು. ಯುದ್ಧ ಮುಗಿದಮೇಲೆ ಇಲ್ಲಿಯವಳನ್ನೇ ಮದುವೆಯಾಗಿ ಇಲ್ಲೇ ಉಳಿದ ಆ ಮನುಷ್ಯ, ಅದನ್ನ ನೋಡಲಾಗದೆ ಎಷ್ಟೋ ವರ್ಷ ಮುಖ ಗೋಡೆಗೆ ಮಾಡಿ ನೇತುಹಾಕಿದ್ದರು ಅಂತ ನೀನು ಅಂದೆ.

ಅವರ ನೂರನೇ ಹುಟ್ಟುಹಬ್ಬಕ್ಕೆ ನೀನು ತೆಗೆದ ಫೋಟೋದಲ್ಲಿ ಹಲಗೆ ಇತ್ತು. ಎಡಗಡೆ ಸ್ಪಷ್ಟ. ಬಲಗಡೆಗೆ ಕಿಟಕಿಯ ಬೆಳಕು ಹೊಡೆದಿತ್ತು: ಐದೈದರ ಎರಡು ಕಟ್ಟು, ಆಮೇಲೆ ಒಂದೋ ಎರಡೋ. ಮೊಳೆ ಎಣಿಸುವಾಗ ಅನುಮಾನ ಬಂದರೆ ಒಂದು ಜಾಸ್ತಿ ಹಾಕೋದು ನನ್ನ ರೂಢಿ. ಹೊಸ ಪೆನ್ಸಿಲ್ ತಂದು ಎಡಗಡೆ ಮೂವತ್ತಾರು, ಬಲಗಡೆ ಹನ್ನೆರಡು ಗೀಟೆಳೆದೆ.

ಸೋಮವಾರ ಕೊಂಡುಹೋಗಿ ಕೊಟ್ಟೆ. ತಾತ ಭೂತಗನ್ನಡಿ ಹಿಡಿದು ಮೂರು ಸಲ ಎಣಿಸಿದರು. ‘ಹನ್ನೆರಡು. ಇಷ್ಟು ವರ್ಷ ಹನ್ನೊಂದು ಅಂದುಕೊಂಡಿದ್ದೆ. ಹಾಗಾದರೆ ವಾಲ್ಟರ್ ಹತ್ತಿದ’ ಅಂದರು. ವಾಲ್ಟರ್ ಅಂದರೆ ಅವರ ಬಂಕಿನ ಪಕ್ಕ ನಿಂತು ಇಸ್ಪೀಟು ಆಡ್ತಿದ್ದ, ಅದೇ ದೋಣಿಗೆ ಇಳಿದ ಹುಡುಗ. ಅವನೊಬ್ಬನ ಹೆಣ ಮಾತ್ರ ಸಿಗಲಿಲ್ಲವಂತೆ. ‘ಆಮೇಲೆ ಸತ್ತಿರಬಹುದು, ಆದರೆ ನೀರಲ್ಲಿ ಅಲ್ಲ’ ಅಂತ ನನ್ನ ಕೈ ಹಿಡಿದುಕೊಂಡರು. ನಾನು, ವಾಮನ, ಮಾತಿಗೆ ಹೆಸರಾದವನು, ಹೌದು ಅಂತ ತಲೆಯಾಡಿಸಿದೆ.

ಅವತ್ತಿನಿಂದ ತಟ್ಟೆ ಖಾಲಿ ಮಾಡ್ತಿದ್ದಾರಂತೆ. ‘ನಿಮ್ಮೆಜಮಾನ್ರು ಏನು ಮಂತ್ರ ಹಾಕಿದ್ರೋ’ ಅಂತ ನಿನ್ನ ಜೊತೆ ಕೆಲಸ ಮಾಡೋ ಚಂಪಾ ನಿನಗೂ ಹೇಳಿರಬೇಕು. ಇಷ್ಟೇ ಆಗಿದ್ದರೆ ನುಂಗಿಕೊಂಡು ಇರ್ತಿದ್ದೆ, ನಿಜ ಹೇಳ್ತೀನಿ. ಆದರೆ ವಾಲ್ಟರನ ತಂಗಿ ಅಮೆರಿಕದಲ್ಲಿದ್ದಾಳೆ, ತೊಂಬತ್ತೈದು ವರ್ಷ. ಅವಳಿಗೆ ತಿಳಿಸಬೇಕಂತೆ. ತಾತನ ಕೈ ನಡುಗುತ್ತೆ, ನನ್ನ ಅಕ್ಷರ ಚೆನ್ನಾಗಿದೆ, ನಾಳೆ ಬೆಳಿಗ್ಗೆ ಬಂದು ಬರೆದುಕೊಡು ಅಂದಿದ್ದಾರೆ. ಏನು ಮಾಡಲಿ? ಸುಮ್ಮನಿರಿ ಅಂತ ನೀನು ಹೇಳಲ್ಲ, ಗೊತ್ತಿದ್ದೇ ಕೇಳ್ತಿದ್ದೀನಿ.

ರಚನಾಗೆ, ಅಳಿಯಂದಿರಿಗೆ ಆಶೀರ್ವಾದ. ಮಗುವಿನ ಮೂಗಿಗೆ ನನ್ನದೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಸಿಕೊ.

ನಿನ್ನವ,
ವಾಮನ

ತಾ.ಕ.: ಭಾನುವಾರ. ಶ್ರೀಕರ್ ಹೊರಗೆ ಕಾರಿನಲ್ಲಿ ಕಾಯ್ತಿದ್ದಾನೆ. ಹೋಗಿ ಹೇಳಿಬಂದೆ. ಪೆನ್ನು, ಕಾಗದ ಇಟ್ಟುಕೊಂಡು ಕಾಯ್ತಿದ್ದರು. ಒರೆಸಿದ್ದು, ಪೂಜೆ ಮಾಡಿದ್ದು, ಊಹೆಯ ಮೇಲೆ ಬರೆದದ್ದು, ಮೂರು ವಾಕ್ಯದಲ್ಲಿ ಮುಗೀತು. ಬೈಯಲಿಲ್ಲ. ಹಲಗೆ ಇಳಿಸಿಕೊಡು ಅಂದರು. ತೊಡೆ ಮೇಲಿಟ್ಟುಕೊಂಡು ಕೊನೇ ಗೀಟನ್ನ ಹೆಬ್ಬೆರಳಲ್ಲಿ ಉಜ್ಜೋಕೆ ಶುರು ಮಾಡಿದರು. ಒತ್ತಿ ಎಳೆದಿದ್ದೆ, ಬೇಗ ಹೋಗಲಿಲ್ಲ. ಬಟ್ಟೆ ಕೊಡಲಾ ಅಂದೆ, ಬೇಡ ಅಂದರು. ಪೂರ್ತಿ ಅಳಿಯೋವರೆಗೆ ನಿಂತೇ ಇದ್ದೆ. ಆಮೇಲೆ, ಮುಖ ಗೋಡೆಗೆ ಮಾಡಿ ಹಾಕು ಅಂದರು. ಹಾಕಿ ಬಂದೆ. ಕೊಕ್ಕೆ ಗಟ್ಟಿಯಾಗಿದೆ, ಇನ್ನು ಮುರಿಯಲ್ಲ.